ಬಚ್ಚಲಿನ ನಲ್ಲಿಗೂ ಒಂದು ಪರ್ಮಿಟ್

ನಲ್ಲಿ ಕೈಗೆ ಬಂತು. ಪೂರ್ತಿ ಬಂತು.

ಹದಿನೈದು ದಿನದ ಹಿಂದಿನ ಮಾತು. ಬೆಳಗಿನ ಹೊತ್ತು. ನಮ್ಮ ಯಜಮಾನರು ಬಚ್ಚಲುಮನೆಯಲ್ಲಿ ನಿಂತಿದ್ದಾರೆ. ಒಂದು ಕೈಯಲ್ಲಿ ಸ್ಪ್ಯಾನರ್, ಇನ್ನೊಂದು ಕೈಯಲ್ಲಿ ನಲ್ಲಿ. ನಲ್ಲಿ ಇರಬೇಕಾದ ಜಾಗದಿಂದ ನೀರು ನೇರವಾಗಿ ಅವರ ಬನಿಯನ್ನಿಗೆ ಹೊಡೆಯುತ್ತಿದೆ. ಸ್ಪ್ಯಾನರ್ ಬಿಸಾಕಿ ಅಂಗೈಯಿಂದ ಒತ್ತಿ ಹಿಡಿದರು. ನೀರು ಬೆರಳ ಸಂದಿಯಿಂದ ನಾಲ್ಕೂ ಕಡೆ ಹಾರಿತು.

"ವಾಲ್ವ್ ಬಂದ್ ಮಾಡು! ಜಲ್ದಿ!" ಎಂದು ಕೂಗಿದರು.

"ಯಾವ ವಾಲ್ವ್ ರೀ?"

"ಮ್ಯಾಲ! ಟ್ಯಾಂಕಿನ ಹತ್ರ!"

ನಾನು ಸೀರೆ ಎತ್ತಿ ಕಟ್ಟಿಕೊಂಡು ಟೆರೇಸಿಗೆ ಓಡಿದೆ. ಅಲ್ಲಿ ನೋಡಿದರೆ ಮೂರು ವಾಲ್ವ್. ಯಾವುದು ಬಚ್ಚಲಿನದು, ಯಾವುದು ಅಡುಗೆಮನೆಯದು? ಯಾವುದಕ್ಕೂ ಗುರುತಿಲ್ಲ. ಮೂರೂ ಕಚ್ಚಿ ಕೂತಿವೆ. (ಮನೆ ಕಟ್ಟಿದ ಮೇಲೆ ಯಾರಾದರೂ ತಿರುಗಿಸಿದ್ದರೆ ತಾನೇ ತಿರುಗಲು?) ಕೆಳಗಿನಿಂದ ಕೂಗು ಕೇಳುತ್ತಲೇ ಇತ್ತು. ನಾನು ಸೆರಗು ಸುತ್ತಿ, ಹಲ್ಲು ಕಚ್ಚಿ ಒಂದೊಂದನ್ನೇ ತಿರುವುವಷ್ಟರಲ್ಲಿ ಟ್ಯಾಂಕ್ ಖಾಲಿ. ಅವತ್ತೇ ನಸುಕಿನಲ್ಲಿ ಮುನಿಸಿಪಾಲಿಟಿ ನೀರು ಬಂದಿತ್ತು. ನಿದ್ದೆಗೆಟ್ಟು ತುಂಬಿಸಿದ್ದು ನಾನು.

ನಿಮ್ಮ ಮನೆಯಲ್ಲೂ ಇಂಥವರು ಒಬ್ಬರಿದ್ದಾರೆ ಅಲ್ಲವೇ? ಸುಳ್ಳು ಹೇಳಬೇಡಿ.

ನಮ್ಮವರು ಶಕ್ತಿನಗರದ ಥರ್ಮಲ್ ಪ್ಲಾಂಟಿನಲ್ಲಿ ಬಾಯ್ಲರ್ ಮೇಂಟೆನೆನ್ಸ್ ಮಾಡಿ ರಿಟೈರ್ ಆದವರು. ರಾಯಚೂರಿನ ಮನೆಯಿಂದ ಸ್ಟಾಫ್ ಬಸ್ಸಿನಲ್ಲಿ ಹೋಗಿ ಬಂದು ಸರ್ವಿಸ್ ಮುಗಿಸಿದರು. ಒಳ್ಳೆಯ ಕೆಲಸಗಾರರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯಲ್ಲಿ "ಪ್ಲಂಬರ್" ಎಂಬ ಪದ ಕಿವಿಗೆ ಬಿದ್ದರೆ ಸಾಕು, ಯಾರೋ ಬೈದ ಹಾಗೆ ಮುಖ ಮಾಡುತ್ತಾರೆ.

"ಇಷ್ಟಿಷ್ಟು ದಪ್ಪ ಸ್ಟೀಮ್ ಪೈಪ್ ಕೆಲಸ ಮಾಡೀನಿ. ಒಂದ್ ನಳಕ್ಕ ಪ್ಲಂಬರ್ ಕರೀಬೇಕಾ? ಜನ ಏನಂದಾರು? ಸುಮ್ನಿರು, ನಾನೇ ಮಾಡ್ತೀನಿ."

ಜನ ಅಂದರೆ ಯಾರು? ನಮ್ಮ ಬಚ್ಚಲಿಗೆ ಯಾವ ಜನ ಬರುತ್ತಾರೆ?

ಒಬ್ಬರು ಬಂದರು. ಅಲ್ಲಿಂದಲೇ ನನ್ನ ಸಂಕಟ ಶುರುವಾದದ್ದು.

ನಮ್ಮ ಮಗಳು ರೂಪಾಳನ್ನು ಮಾನ್ವಿಗೆ ಕೊಟ್ಟಿದ್ದೇವೆ. ಈಗ ಏಳು ತಿಂಗಳ ಬಸುರಿ. ಕುಬಸ, ಅಂದರೆ ಸೀಮಂತ, ಮುಗಿಸಿ ತವರಿಗೆ ಕರೆದುಕೊಂಡು ಬರಬೇಕಿತ್ತು, ಚೊಚ್ಚಲ ಹೆರಿಗೆ ಇಲ್ಲೇ ಆಗಬೇಕು. ಅವಳು ಬಸುರಿ ಅಂತ ಗೊತ್ತಾದ ದಿನವೇ ನಾನು ಹಳೆಯ ಸೀರೆಗಳನ್ನು ತೊಳೆದು ಮಡಿಸಿಟ್ಟಿದ್ದೇನೆ, ಕೂಸಿಗೆ ಹಾಸಲು. ಕುಬಸದ ದಿನ ಗೊತ್ತು ಮಾಡಲು ಅವಳ ಅತ್ತೆ, ನಮ್ಮ ಬೀಗಿತ್ತಿ, ಹೋದ ತಿಂಗಳು ಮನೆಗೆ ಬಂದರು. ಕಾಲು ತೊಳೆಯಲು ಬಚ್ಚಲಿಗೆ ಹೋದರು. "ಅಯ್ಯಯ್ಯೋ" ಎಂಬ ಸದ್ದು ಕೇಳಿ ನಾನು ಓಡಿದೆ. ಅವರು ಬಾಗಿಲ ಚಿಲಕ ಹಿಡಿದು ಜೋತುಬಿದ್ದಿದ್ದರು.

"ಏನಿಲ್ಲ ಬಿಡ್ರಿ ಅಕ್ಕಾರ, ಸ್ವಲ್ಪ ಜಾರ್ತು" ಎಂದು ನಕ್ಕರು. ಆ ನಗೆ ನನಗೆ ಸರಿ ಕಾಣಲಿಲ್ಲ.

ಸರಿ ಇರಲೂ ಇಲ್ಲ. ಮೂರು ದಿನಕ್ಕೆ ಫೋನ್ ಬಂತು. "ಬಾಣಂತನ ಇಲ್ಲೇ ಮಾಡಿದ್ರ ಹೆಂಗ್ರಿ? ನಿಮಗೂ ಯಾಕ ತಕ್ಲೀಫ್? ನಾವು ಬಚ್ಚಲ ಹೊಸದು ಮಾಡ್ಸಾಕತ್ತೀವಿ. ಜಾರದಂಥಾ ಟೈಲ್ಸ್ ಹಾಕ್ಸಾಕತ್ತೀವಿ."

ಬೈದಿದ್ದರೆ ನಾನೂ ಎರಡು ಮಾತು ಆಡುತ್ತಿದ್ದೆ. ಇಷ್ಟು ಮೆತ್ತಗೆ ಹೇಳಿದರೆ ಏನು ಮಾಡುವುದು? ಅವರು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ನಮ್ಮ ಬಚ್ಚಲಿನ ನಲ್ಲಿ ಸೋರಿ ಸೋರಿ ನೆಲ ಯಾವಾಗಲೂ ಹಸಿ. ಎಷ್ಟು ತಿಕ್ಕಿದರೂ ವಾರಕ್ಕೆ ಮತ್ತೆ ಪಾಚಿ. ಬಸುರಿ ಹೆಂಗಸು ಅಲ್ಲಿ ಕಾಲಿಟ್ಟು ಜಾರಿದರೆ? ಆದರೆ ಒಂದು ನಲ್ಲಿಗಾಗಿ ಮಗಳ ಚೊಚ್ಚಲ ಬಾಣಂತನ ಕೈತಪ್ಪಿಹೋಗುವುದೆಂದರೆ?

"ಪ್ಲಂಬರನ್ನ ಕರೀರಿ" ಅಂದೆ.

"ನಾನೇ ಮಾಡ್ತೀನಿ" ಅಂದರು.

ಮಾಡಿದರು. ಮೊದಲು ಬಿಳಿ ಟೇಪ್ ಸುತ್ತಿದರು. ಎರಡು ದಿನ ನಿಂತಿತು, ಮೂರನೆಯ ದಿನ ಸೋರಿತು. ಆಮೇಲೆ ಎರಡು ಬಣ್ಣದ ಅಂಟು ನಾದಿ ಮೆತ್ತಿದರು. ಅದರ ಕೆಳಗಿನಿಂದ ಸೋರಿತು. ಅಷ್ಟರಲ್ಲಿ ದೇವದುರ್ಗದಿಂದ ನನ್ನ ತಮ್ಮ ಶರಣಪ್ಪ ಬಂದ. ಬಚ್ಚಲಿಗೆ ಇಣುಕಿದವನೇ ಕೇಳಿದ: "ಅಕ್ಕಾ, ಹಳೀ ಸೈಕಲ್ ಟ್ಯೂಬ್ ಅದ ಏನು?"

ನಮ್ಮ ಕಡೆ ಗಂಡಸರಿಗೆ ಸೈಕಲ್ ಟ್ಯೂಬ್ ಒಂದಿದ್ದರೆ ಜಗತ್ತಿನಲ್ಲಿ ಕಟ್ಟಲಾಗದ್ದು ಯಾವುದೂ ಇಲ್ಲ. ನಮ್ಮವರು ಹಿಡಿದುಕೊಂಡರು, ಭಾವಮೈದುನನ ಹುಮ್ಮಸ್ಸಿನಲ್ಲಿ ತಮ್ಮ ಸುತ್ತಿದ.

"ಹೊಲದಾಗ ಪಂಪಿನ ಪೈಪಿಗಿ ಹಿಂಗೇ ಸುತ್ತೀನಿ ಮಾಮಾ. ಎರಡು ವರ್ಷಾತು, ಏನೂ ಆಗಿಲ್ಲ."

"ಹೊಲದಾಗ ಸೋರಿದ್ರ ಬೆಳಿ ಕುಡೀತದ. ಇಲ್ಲಿ ಯಾರು ಕುಡೀಬೇಕೋ?" ಎಂದೆ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಮಾರನೆಯ ದಿನ ಟ್ಯೂಬಿನ ತುದಿಯಿಂದ ಸೋರತೊಡಗಿತು, ಅದೂ ಹೊಸ ಜಾಗದಿಂದ.

ಕಡೆಗೆ ಬಂದದ್ದು ಆ ಬೆಳಗಿನ ಸ್ಪ್ಯಾನರ್. "ಇನ್ನ ಸ್ವಲ್ಪ ಟೈಟ್ ಮಾಡಿದ್ರ ಆತು" ಎಂದು ಒಳಗೆ ಹೋದವರ ಕೈಗೆ ನಲ್ಲಿಯೇ ಬಂತು.

ನೀರೆಲ್ಲ ಹರಿದುಹೋದ ಮೇಲೆ ಅವರು ಒದ್ದೆ ಬನಿಯನ್ನಿನಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ನಾನು ಕೂಗಾಡಬೇಕೆಂದುಕೊಂಡು ಬಂದೆ. ಯಾಕೋ ಒಂದು ಪ್ರಶ್ನೆ ಮಾತ್ರ ಬಾಯಿಗೆ ಬಂತು.

"ಪ್ಲಾಂಟಿನಾಗ ಹಿಂಗ ಬಿಚ್ಚತಿದ್ರೇನು?"

"ಹೆಂಗ ಬಿಚ್ಚತಾರ? ಪರ್ಮಿಟ್ ಇಲ್ದ?" ಥಟ್ಟನೆ ಹೇಳಿದರು.

ಈ ಪರ್ಮಿಟ್ ಪುರಾಣ ನಮ್ಮ ಮನೆಗೆ ಬಂದವರೆಲ್ಲ ಕೇಳಿದ್ದಾರೆ. ಪ್ಲಾಂಟಿನಲ್ಲಿ ಸಣ್ಣದೊಂದು ವಾಲ್ವ್ ಬಿಚ್ಚಬೇಕಾದರೂ ಮೊದಲು ಲೈನ್ ಬಂದ್ ಆಗಬೇಕು. ಕೆಂಪು ಟ್ಯಾಗ್ ತೂಗಬೇಕು. ಶಿಫ್ಟ್ ಇನ್‌ಚಾರ್ಜ್ ಸಹಿ ಹಾಕಬೇಕು. ಆ ಇನ್‌ಚಾರ್ಜ್ ನಿನ್ನೆ ಮೊನ್ನೆ ಸೇರಿದ ಹುಡುಗನಾದರೂ ಸರಿ, ಇವರು ಹೋಗಿ ಕೇಳಿಯೇ ಕೆಲಸ ಶುರು ಮಾಡುತ್ತಿದ್ದರು. ಅದನ್ನು ಎಷ್ಟು ಅಭಿಮಾನದಿಂದ ಹೇಳುತ್ತಾರೆ! ಆ ಶಿಸ್ತೆಲ್ಲ ಸ್ಟಾಫ್ ಬಸ್ ಇಳಿಯುವಾಗ ಸೀಟಿನ ಮೇಲೆಯೇ ಉಳಿಯುತ್ತಿತ್ತೇ? ಮನೆಯಲ್ಲಿ ಲೈನ್ ಬಂದ್ ಇಲ್ಲ, ಟ್ಯಾಗ್ ಇಲ್ಲ, ಸಹಿ ಇಲ್ಲ. ಹೆಂಡತಿಯನ್ನು ಒಂದು ಮಾತು ಕೇಳುವುದಂತೂ ಇಲ್ಲವೇ ಇಲ್ಲ.

"ಇವತ್ತಿನಿಂದ ಈ ಮನೀ ಇನ್‌ಚಾರ್ಜ್ ನಾನು" ಎಂದು ಹೇಳಿ ಫೋನ್ ತೆಗೆದೆ.

ಪ್ಲಂಬರ್ ಎಲ್ಲಿದ್ದಾನೆ? ಪರಿಚಯದವರು ಯಾರೂ ಇಲ್ಲ. ಇಷ್ಟು ವರ್ಷ ಕರೆದಿದ್ದರೆ ತಾನೇ ನಂಬರ್ ಇರಲು? ನಾಚಿಕೆ ಬಿಟ್ಟು ಬೀಗಿತ್ತಿಗೇ ಫೋನ್ ಮಾಡಿದೆ.

"ಅಯ್ಯ, ನಿಮ್ಮ ರಾಯಚೂರಿನಾವ್ನೇ ಅದಾನ್ರಿ, ಖಾಜಾ ಅಂತ. ಇಲ್ಲೇ ನಮ್ಮ ಬಚ್ಚಲ ಕೆಲಸ ಮಾಡಾಕತ್ತಾನ" ಎಂದರು.

ನೋಡಿ ನಮ್ಮ ಹಣೆಬರಹ. ರಾಯಚೂರಿನ ಪ್ಲಂಬರ್ ಮಾನ್ವಿಯಲ್ಲಿ, ನನ್ನ ಮಗಳನ್ನು ಅಲ್ಲೇ ಉಳಿಸಿಕೊಳ್ಳುವ ಬಚ್ಚಲನ್ನು ಕಟ್ಟುತ್ತಿದ್ದಾನೆ. ಅವರದು ಮೊದಲು ಮುಗಿದರೆ ನನ್ನ ಕತೆ ಮುಗಿದಂತೆ.

ಖಾಜಾನಿಗೆ ಫೋನ್ ಹಚ್ಚಿದೆ. "ಸಂಜಿಕಿ ಬರ್ತೀನ್ರಿ ಅಕ್ಕಾ" ಅಂದ. ಬರಲಿಲ್ಲ. ಮಾರನೆಯ ದಿನ "ಬಸ್‌ಸ್ಟ್ಯಾಂಡಿನಾಗ ಅದೀನ್ರಿ" ಅಂದ. ಬರಲಿಲ್ಲ. ಅಲ್ಲಿವರೆಗೆ ನಮ್ಮ ಪೈಪಿನ ಬಾಯಿಗೆ ಮರದ ಬೆಣೆ, ನಮ್ಮ ಸ್ನಾನಕ್ಕೆ ಪಕ್ಕದ ಮನೆಯ ಕೊಡ. ಮೂರನೆಯ ದಿನ ಅಲ್ಲಿ ಟೈಲ್ಸ್ ಒಣಗಲು ಬಿಟ್ಟು ಬಂದ. ಬಂದವನೇ ಬಚ್ಚಲಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಟ್ಯೂಬು, ಅಂಟು, ಟೇಪು ಎಲ್ಲ ಕೆರೆದು ತೆಗೆದ. ಜಗತ್ತಿನ ಎಲ್ಲ ಪ್ಲಂಬರುಗಳೂ ಮೊದಲು ಆಡುವ ಮಾತನ್ನೇ ಆಡಿದ:

"ಯಾರ್ ಮಾಡ್ಯಾರ್ರಿ ಇದನ್ನ?"

ನಮ್ಮ ಯಜಮಾನರು ಕಣ್ಣು ಮಿಟುಕಿಸದೆ ಉತ್ತರಿಸಿದರು. "ಹಿಂದಿನ ಪ್ಲಂಬರ್. ಶುದ್ಧ ದಡ್ಡ ಇದ್ದ."

"ಹೌದ್ರಿ, ಭಾಳ ದಡ್ಡ" ಎಂದೆ ನಾನು. "ಈಗ ರಿಟೈರ್ ಆಗ್ಯಾನ."

ಹೊರಗಿನಿಂದ ಬಿಗಿದು ಬಿಗಿದು ಗೋಡೆಯೊಳಗೆ ಪೈಪ್ ತಿರುಗುವ ಕಡೆಯ ಎಲ್ಬೋ ಸೀಳಿತ್ತು. ಹೊರಗೆ ಏನು ಸುತ್ತಿದರೂ ನಿಲ್ಲದು. ಗೋಡೆ ಒಡೆಯಬೇಕು. ಒಡೆದ. (ಇಲ್ಲಿಗೆ ಖಾಜಾನನ್ನು ಹೊಗಳಿ ನಿಲ್ಲಿಸುತ್ತೇನೆ ಅಂದುಕೊಂಡಿರಾ? ತಡೆಯಿರಿ.) ಒಡೆದವನು "ಊಟ ಮಾಡಿ ಬಂದೆ" ಎಂದು ಹೋಗಿ ಮರುದಿನ ಬಂದ. ಫೋನ್ ಮಾಡಿದಾಗಲೆಲ್ಲ ದಾರಿಯಲ್ಲೇ ಇದ್ದ. ನಮ್ಮ ಟೈಲ್ಸ್ ತಿಳಿ ನೀಲಿ. ಅವನು ತಂದು ಹಚ್ಚಿದ್ದು ಕಂದು. ಕೇಳಿದರೆ "ಆ ಕಲರ್ ಈಗ ಬರಂಗಿಲ್ರಿ, ಇದೂ ಛಲೋ ಕಾಣ್ತದ" ಅಂದ. ಸಿಮೆಂಟಿನ ರಾಡಿಯನ್ನು ಹಾಗೇ ಬಿಟ್ಟು ಹೋದ. ಬಳಿದು ತೊಳೆದದ್ದು ಯಾರು? ಬೇರೆ ಹೇಳಬೇಕೇ?

ಆದರೆ ಸೋರುವುದು ನಿಂತಿತು. ಒಂದು ಹನಿ ಇಲ್ಲ.

ಹಾಗಂತ ಎಲ್ಲದಕ್ಕೂ ಖಾಜಾನನ್ನು ಕಾಯುತ್ತ ಕೂರಬೇಕೆಂದು ನಾನು ಹೇಳುವುದಿಲ್ಲ. ಕಾದರೆ ಮುದುಕರಾಗುತ್ತೇವೆ. ಹೋದ ವಾರ ಅಡುಗೆಮನೆಯ ನಲ್ಲಿ ತೊಟ್ಟಿಕ್ಕತೊಡಗಿದಾಗ ನಾನೇ ವಾಷರ್ ಬದಲಿಸಿದೆ. ಸಿಂಕ್ ಕಟ್ಟಿಕೊಂಡರೆ ಕೆಳಗಿನ ಬಟ್ಟಲು ಬಿಚ್ಚಿ ತೊಳೆಯುವುದೇನು ಬ್ರಹ್ಮವಿದ್ಯೆಯೇ? ಬೋರಿನ ಸವಳು ನೀರಿಗೆ ಶವರಿನ ತೂತು ಬೆಳ್ಳಗೆ ಮುಚ್ಚಿಕೊಂಡರೆ ನಿಂಬೆಹುಳಿಯಲ್ಲಿ ನೆನೆಹಾಕಿ. ಇದೆಲ್ಲ ನಮ್ಮ ಕೆಲಸ. ಗೋಡೆಯೊಳಗಿನದು ನಮ್ಮದಲ್ಲ. ಕರೆಂಟೂ ನೀರೂ ಕೂಡುವ ಗೀಸರ್ ನಮ್ಮದಲ್ಲ. ಒಮ್ಮೆ ಸರಿ ಮಾಡಿದ ಜಾಗವೇ ಮತ್ತೆ ಸೋರಿದರೆ ಅದೂ ನಮ್ಮದಲ್ಲ, ಆಗ ಸ್ಪ್ಯಾನರ್ ಕೆಳಗಿಟ್ಟು ಫೋನ್ ಎತ್ತಿಕೊಳ್ಳಬೇಕು. ಏನೇ ಬಿಚ್ಚುವ ಮೊದಲು ವಾಲ್ವ್ ಬಂದ್ ಮಾಡಬೇಕು. ಮಾಡಬೇಕಾದರೆ ಅದು ಯಾವುದೆಂದು ಗೊತ್ತಿರಬೇಕು.

ಅದಕ್ಕೇ ನಾನು ಟೆರೇಸಿಗೆ ಹೋಗಿ, ಮೂರೂ ವಾಲ್ವುಗಳ ಪಕ್ಕ ಪೇಂಟಿನಲ್ಲಿ ಬರೆದೆ: ಬಚ್ಚಲು, ಅಡುಗೆಮನೆ, ಹಿತ್ತಲು. ನಮ್ಮವರು ಹಿಂದೆ ನಿಂತು ನೋಡಿ ಮೆಚ್ಚಿಕೊಂಡರು.

"ಪ್ಲಾಂಟಿನಾಗ ಎಲ್ಲಾ ವಾಲ್ವಿಗೂ ಹಿಂಗೇ ಬರ್ದಿರ್ತಾರ ನೋಡು."

ಗೊತ್ತಿತ್ತಲ್ಲ! ಗೊತ್ತಿದ್ದೂ ಇಷ್ಟು ವರ್ಷ? ನಾನು ಬ್ರಷ್ ಅವರ ಕೈಗೆ ಕೊಟ್ಟು ಕೆಳಗಿಳಿದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ.

ಕುಬಸ ಮುಗಿಯಿತು. ಬಚ್ಚಲು ಸರಿಯಾಗಿದೆ, ಬಂದು ನೋಡಿ ಎಂದು ಬೀಗಿತ್ತಿಗೆ ಹೇಳಿದ್ದೆ. ಮೊನ್ನೆ ಅವರು ತಾವೇ ರೂಪಾಳನ್ನು ಕರೆದುಕೊಂಡು ಬಂದರು. ನೀರು ಕೊಟ್ಟೆ, ಕುಡಿಯಲಿಲ್ಲ. ನೇರ ಬಚ್ಚಲಿಗೆ ಹೋದರು. ಬರಿಗಾಲಿನಿಂದ ನೆಲ ತಿಕ್ಕಿ ನೋಡಿದರು, ಮೂಲೆಗೂ ಹೋಗಿ ತಿಕ್ಕಿದರು. ನಾನು ಬಾಗಿಲಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದೆ. ಮಗಳ ಪರೀಕ್ಷೆಯ ರಿಸಲ್ಟ್ ಬಂದಾಗಲೂ ಹಾಗೆ ನಿಂತಿರಲಿಲ್ಲ.

"ಛಲೋ ಆಗ್ಯಾದ ಬಿಡ್ರಿ" ಅಂದರು. ಆಮೇಲೆ ನೀರು ಕುಡಿದರು. ಮಗಳ ಬ್ಯಾಗು ಕಾರಿನಿಂದ ಒಳಗೆ ಬಂತು.

ಅವರು ಹೋದ ಮೇಲೆ ರೂಪಾ ಕಾಲು ತೊಳೆಯಲು ಬಚ್ಚಲಿಗೆ ಹೋದಳು. ನೆಲ ಒಣಗಿ ಬಿಳುಪೇರಿತ್ತು. ಆದರೂ ಅವಳು ಒಂದು ಕೈಯನ್ನು ಗೋಡೆಗೆ ಆನಿಸಿ, ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು, ನಿಧಾನಕ್ಕೆ ನಡೆದಳು.

"ಯಾಕ ಗೋಡಿ ಹಿಡೀತಿ? ನೆಲ ಒಣಗ್ಯಾದ ನೋಡು" ಅಂದೆ.

"ರೂಢಿ ಬೇ ಯವ್ವಾ" ಅಂದಳು. "ನಾ ಪಿಯುಸಿ ಇದ್ದಾಗಿಂದ ಹಿಂಗೇ ಅಲ್ಲೇನು?"

ಹಿಂದೆ ಟವೆಲ್ ಹಿಡಿದು ನಿಂತಿದ್ದ ನಮ್ಮವರಿಗೆ ಅದು ಕೇಳಿಸಿತು. ಅವಳಿಗೆ ಕೈ ಕೊಡೋಣವೆಂದು ನಾನು ಒಳಗೆ ಹೆಜ್ಜೆಯಿಟ್ಟೆ, ಇಟ್ಟವಳು ನನ್ನ ಕೈ ನೋಡಿಕೊಂಡೆ. ಅದೂ ಗೋಡೆಯ ಮೇಲೇ ಇತ್ತು.

ಒಬ್ಬರ "ನಾನೇ ಮಾಡ್ತೀನಿ"ಗಾಗಿ ಮನೆಯ ಹೆಂಗಸರು ಎಷ್ಟು ವರ್ಷ ಗೋಡೆ ಹಿಡಿದು ನಡೆಯಬೇಕು, ಹೇಳಿ?