ಗ್ವಾಡಿ ಮ್ಯಾಲಿನ ದೋಣಿ

ದೋಣಿಯ ಮೂತಿ ಊರಿನ ಕಡೆಗೆ ಇರಲಿಲ್ಲ. ನಾನು ಇಳಿಯಬೇಕಾದ ದ್ವೀಪ ಎಡಗಡೆ ತೆಂಗಿನ ಗಿಡಗಳ ಸಾಲು ತೋರಿಸುತ್ತ ಸುಮ್ಮನೆ ಕೂತಿತ್ತು. ದೋಣಿ ಮಾತ್ರ ಬಲಕ್ಕೆ, ಬರೇ ನೀರಿದ್ದ ಕಡೆ ಮುಖ ಮಾಡಿ ಹೊರಟಿತ್ತು. ಎದ್ದು ನಿಂತು ಒದರಿದೆ:

"ಏ ಯಪ್ಪಾ, ಊರು ಅಲ್ಲೈತಿ! ನನ್ನ ಎಲ್ಲಿಗೆ ಒಯ್ಯಾಕತ್ತೀಯೋ?"

ದೋಣಿಯವನಿಗೆ ಕನ್ನಡ ಎಲ್ಲಿಂದ ಬರಬೇಕು? ಕೂಡು ಎಂದು ಕೈ ಮಾಡಿದ. ನಾನು ಕೂಡಲಿಲ್ಲ. ಚೀಲ ಎದೆಗೆ ಅವಚಿಕೊಂಡು, ನಮ್ಮೂರು ಶಲವಡಿಯ ದೇವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕರೆಯುತ್ತ ನಿಂತೇ ಇದ್ದೆ. ಮುಕ್ಕಾಲು ತಾಸಿನ ಮೇಲೆ ದೋಣಿ ಎತ್ತಲೂ ತಿರುಗದೆ, ಅದೇ ವಾರೆಯ ಮುಖದಲ್ಲಿ, ಅಡ್ಡಡ್ಡ ಸರಿಯುತ್ತ ಬಂದು ನಮ್ಮ ದ್ವೀಪದ ಕಟ್ಟೆಗೆ ನೆಟ್ಟಗೆ ಹತ್ತಿತು. ದೋಣಿಯವನು ನನ್ನ ಚೀಲ ಇಳಿಸಿ, ಮುರುಕು ಹಿಂದಿಯಲ್ಲಿ ಕೇಳಿದ: "ಏನು ಕಲಿಸೋಕೆ ಬಂದೀರಿ?"

"ಗಣಿತ ಮತ್ತು ಭೌತಶಾಸ್ತ್ರ" ಅಂದೆ.

ಅವನು ನಗಲಿಲ್ಲ. ಅದು ಅವನ ದೊಡ್ಡಗುಣ.

ಮಾಲ್ಡೀವ್ಸ್ ಅಂದರೆ ನೀವು ಜಾಹೀರಾತಿನಲ್ಲಿ ನೋಡುವ ನೀಲಿ ನೀರಿನ ಹೊಟೇಲು ಅಂದುಕೊಳ್ಳಬೇಡಿ. ನಾನಿರುವುದು ಈ ತುದಿಯಿಂದ ಆ ತುದಿಗೆ ಕಾಲು ತಾಸಿನಲ್ಲಿ ನಡೆದು ಮುಗಿಸಬಹುದಾದ ಒಂದು ಮರಳಿನ ತುಣುಕು. ಒಂದು ಮಸೀದಿ, ಒಂದು ಸಾಲಿ, ಒಂದು ಫೋನಿನ ಟವರ್, ಎರಡು ಅಂಗಡಿ. ಕೊಟ್ಟ ಕೋಣೆಯ ಗೋಡೆ ಹವಳದ ಕಲ್ಲಿನದು. ಮುಟ್ಟಿದರೆ ಅಂಗೈಗೆ ಉಪ್ಪು ಹತ್ತುತ್ತದೆ. ಕುಡಿಯಲು ಮಳೆಯ ನೀರಿನ ಟಾಕಿ. ಮುಂಜಾನೆ ಎದ್ದರೆ ಎಲ್ಲರ ಮನೆಯಿಂದಲೂ ಮೀನು ಕುದಿಯುವ ವಾಸನೆ. ಹುಟ್ಟಿದಾಗಿನಿಂದ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳ ಪಾಡು ನೀವೇ ಊಹಿಸಿ. ಇಲ್ಲಿಯ 'ರೋಶಿ' ನಮ್ಮ ಚಪಾತಿಯ ಅಕ್ಕನ ಮಗಳು, ಅದೊಂದು ನನ್ನ ಕೈ ಹಿಡಿಯಿತು. ಊರಿನಿಂದ ಹೊತ್ತು ತಂದ ಜೋಳದ ಹಿಟ್ಟು ಈ ಹಸಿ ಗಾಳಿಗೆ ಮೂರೇ ವಾರದಲ್ಲಿ ನುಸಿ ಹಿಡಿದು ಹೋಯಿತು. ಅದನ್ನು ಸಮುದ್ರಕ್ಕೆ ಚೆಲ್ಲುವಾಗ ಬಂದ ಅಳು, ಊರು ಬಿಡುವಾಗ ಬಂದಿರಲಿಲ್ಲ.

ಯಾಕೆ ಬಂದೆ ಅಂತ ಕೇಳುವವರಿಗೆ ಒಂದೇ ಮಾತು. ಕುಬಿಹಾಳದ ಬಾಜೂಕಿನ ಒಂದು ಊರಿನ ಸಾಲಿಯಲ್ಲಿ ನಾನು ಹನ್ನೊಂದು ವರ್ಷ 'ಅತಿಥಿ ಶಿಕ್ಷಕಿ' ಆಗಿದ್ದೆ. ಹನ್ನೊಂದು ವರ್ಷ ಇದ್ದವರಿಗೂ ಅತಿಥಿ ಅನ್ನುವುದು ನಮ್ಮ ಕಡೆಯ ಮರ್ಯಾದೆ. ಒಂದು ಜೂನ್ ತಿಂಗಳಲ್ಲಿ ಕಾಯಂ ಶಿಕ್ಷಕರೊಬ್ಬರು ವರ್ಗವಾಗಿ ಬಂದರು. ಅತಿಥಿ ಎದ್ದಳು.

ಆ ಸಾಲಿಯಲ್ಲಿ ನನ್ನದು ಒಂದೇ ಪಾಠ: ಮೊದಲು ಚಿತ್ರ ತಗಿ, ಆಮ್ಯಾಲ ಲೆಕ್ಕ ಮಾಡು. ಒಂದರಿಂದ ಸಾಲಾಗಿ ಬೆಸ ಸಂಖ್ಯೆಗಳನ್ನು ಕೂಡಿಸಿದರೆ ವರ್ಗ ಯಾಕೆ ಬರುತ್ತದೆ ಅಂತ ಹುಡುಗರು ಕೇಳಿದರೆ ಶೇಂಗಾಬೀಜ ಹರವುತ್ತಿದ್ದೆ. ಒಂದು ಬೀಜ, ಅದರ ಎರಡು ಮಗ್ಗಲು ಸುತ್ತಿ ಮೂರು, ಅದನ್ನು ಸುತ್ತಿ ಐದು. ನೋಡನೋಡುತ್ತ ಚೌಕ ಬೆಳೆಯುತ್ತಿತ್ತು. "ಮ್ಯಾಲಿಂದ ಬೀಳೋ ಕಲ್ಲೂ ಹಿಂಗ ಲೆಕ್ಕ ಇಡತೈತಿ ನೋಡ್ರಿ" ಅನ್ನುತ್ತಿದ್ದೆ. ಮೊದಲ ಕ್ಷಣದಲ್ಲಿ ಒಂದು ಪಾಲು ಬಿದ್ದರೆ ಮುಂದಿನದರಲ್ಲಿ ಮೂರು, ಅದರ ಮುಂದಿನದರಲ್ಲಿ ಐದು. ಪಾಠ ಮುಗಿದ ಮೇಲೆ ಚೌಕವನ್ನು ತಿನ್ನುತ್ತಿದ್ದೆವು.

ನನಗೆ ಇದನ್ನು ಹಚ್ಚಿದವನು ನನ್ನ ಅಜ್ಜ. ಸಾಲಿಯ ಕಟ್ಟೆ ಹತ್ತದ ಮನುಷ್ಯ. ಶಲವಡಿಯ ಎರಿ ಹೊಲದಲ್ಲಿ, ಕರಿ ಮಣ್ಣಿನಲ್ಲಿ, ಬಿತ್ತುವ ಕೂರಿಗೆಯ ಹಿಂದೆ ನನ್ನನ್ನು ನಿಲ್ಲಿಸಿಕೊಂಡು ಹೇಳುತ್ತಿದ್ದ: "ಎತ್ತಿನ ಕಾಲ ನೋಡಬ್ಯಾಡ ನೀಲಾ. ಕೂರಿಗಿ ನೋಡಬ್ಯಾಡ. ಬದುವಿನ ಮ್ಯಾಲ ಆ ಜಾಲಿ ಗಿಡ ಐತಲ್ಲ, ಅದನ್ನ ನೋಡು. ಅತ್ತಾಗ ಮುಖಾ ಮಾಡಿ ಹೊಂಟ್ರ ಸಾಲು ತಾನ ನೆಟ್ಟಗ ಬರತೈತಿ." ಎರಡು ಬಿಂದುಗಳ ನಡುವೆ ಒಂದೇ ನೇರ ಗೆರೆ ಅನ್ನುವುದನ್ನು ಪುಸ್ತಕದಲ್ಲಿ ಓದುವ ಮೊದಲೇ ನಾನು ಬರಿಗಾಲಲ್ಲಿ ನಡೆದು ಕಲಿತಿದ್ದೆ.

ಇಷ್ಟೆಲ್ಲ ಹೆಮ್ಮೆಯಿಂದ ಹೇಳುತ್ತಿರುವುದು ಮುಂದಿನ ನಾಚಿಕೆಯ ಮಾತಿಗೆ ಬರಬೇಕಾಗಿದೆ, ಅದಕ್ಕೆ.

ಹರಿಯುವ ಹೊಳೆಯನ್ನು ದಾಟುವ ದೋಣಿಯ ಲೆಕ್ಕ ನಿಮಗೂ ನೆನಪಿರಬೇಕು. ನೀರಿಗೊಂದು ವೇಗ, ದೋಣಿಗೊಂದು ವೇಗ, ನೆಟ್ಟಗೆ ಎದುರಿನ ದಂಡೆ ಮುಟ್ಟಬೇಕು. ನಮ್ಮ ಹುಡುಗರಿಗೆ ಅದು ತಲೆಗೆ ಹೋಗುತ್ತಿರಲಿಲ್ಲ. ಒಂದು ರಜೆಯಲ್ಲಿ ನಾನೇ ಬಣ್ಣ ತಂದು, ಸಾಲಿಯ ಹೊರಗಿನ ಗೋಡೆಯ ಮೇಲೆ ಆಳೆತ್ತರದ ಚಿತ್ರ ಬರೆದೆ. ನೀಲಿ ಹೊಳೆ, ಕೆಂಪು ದೋಣಿ, ಆಚೆ ದಂಡೆಯಲ್ಲಿ ಗುಡಿಯ ಮೆಟ್ಟಿಲು, ಅಲ್ಲಿಗೆ ಚುಕ್ಕೆಯ ದಾರಿ, ಕೆಳಗೆ ಸೂತ್ರ. ಸಾಲಿ ತೆರೆದ ದಿನ ಬಿಸಿಯೂಟ ಮಾಡುವ ಶಾಂತವ್ವ ಕೈಯಲ್ಲಿ ಸೌಟು ಹಿಡಿದೇ ನೋಡಲು ಬಂದಳು. "ಟೀಚರ್ರ, ದೋಣಿ ಅಗದಿ ಛಂದ ಆಗೇತಿ ನೋಡ್ರಿ. ಹತ್ತಿ ಕುಂತು ಹೋಗೂಣು ಅನಸತೈತಿ" ಅಂದಳು. ತಾನೇ ಮುಂದಾಗಿ ಮೂಲೆಯಲ್ಲಿ 'ಚಿತ್ರ: ನೀಲಾ ಟೀಚರ್' ಎಂದು ಬರೆಸಿದಳು.

ಆ ಚಿತ್ರದಲ್ಲಿ ದೋಣಿಯ ಮೂತಿ ನೆಟ್ಟಗೆ ಗುಡಿಯ ಮೆಟ್ಟಿಲಿನ ಕಡೆಗಿತ್ತು.

ಈಗ ತಿಳಿಯಿತೇ? ದ್ವೀಪಕ್ಕೆ ಬಂದ ಮರುದಿನ ಕೋಣೆಯಲ್ಲಿ ಕೂತು, ನಿನ್ನೆ ದೋಣಿ ಹಾಗೇಕೆ ಬಂತು ಅಂತ ಹಾಳೆಯ ಮೇಲೆ ಬಾಣ ಎಳೆಯುತ್ತಿದ್ದೆ. ನೀರಿನ ಬಾಣ ಎಡಕ್ಕೆ, ಸಾಗುವ ದಾರಿ ನೆಟ್ಟಗೆ, ಹಾಗಾದರೆ ದೋಣಿಯ ಬಾಣ ಬಲಕ್ಕೆ ವಾರೆಯಾಗಿರಲೇಬೇಕು. ತ್ರಿಕೋನದ ಉದ್ದನ್ನ ಬಾಜು, ವಿಕರ್ಣ, ದೋಣಿಯದು. ಸೂತ್ರವೂ ಅದನ್ನೇ ಹೇಳುತ್ತದೆ. ನನ್ನ ಗೋಡೆಯ ಮೇಲಿನ ಸೂತ್ರವೂ ಅದನ್ನೇ ಹೇಳುತ್ತಿತ್ತು. ಮೇಲಿನ ಚಿತ್ರ ಮಾತ್ರ ಅದಕ್ಕೆ ಬೆನ್ನು ಹಾಕಿ ನಿಂತಿತ್ತು. ಆ ಚಿತ್ರದಂತೆ ಹೊರಟ ದೋಣಿ ಗುಡಿಯನ್ನು ಮುಟ್ಟುವುದಿಲ್ಲ, ನೀರು ಎಳೆದಲ್ಲಿಗೆ ಹೋಗುತ್ತದೆ. ಅಷ್ಟು ವರ್ಷ ಒಂದೇ ಗೋಡೆಯ ಮೇಲೆ ಸರಿ ಸೂತ್ರ, ತಪ್ಪು ಚಿತ್ರ ಎರಡೂ ಜಗಳಾಡುತ್ತ ಇದ್ದವು. ನಾನು ನೋಡಲಿಲ್ಲ, ಹುಡುಗರು ನೋಡಲಿಲ್ಲ, ತಪಾಸಣೆಗೆ ಬಂದ ಸಾಹೇಬರೂ ನೋಡಲಿಲ್ಲ. ನಮ್ಮಲ್ಲಿ ಒಬ್ಬರಾದರೂ ದೋಣಿಯಲ್ಲಿ ಕೂತಿದ್ದರೆ ತಾನೆ?

ಇದು ಎರಿ ಹೊಲದವರೇ ಮಾಡಬಹುದಾದ ತಪ್ಪು. ಜಾಲಿ ಗಿಡದ ಕಡೆ ಮುಖ ಮಾಡಿ ಹೊರಟರೆ ಜಾಲಿ ಗಿಡವೇ ಸಿಗುತ್ತದೆ ಅಂತ ನಂಬಿ ಬೆಳೆದವಳು ನಾನು. ಕಾಲ ಕೆಳಗಿನ ನೆಲವೇ ಜರುಗುವ ಊರು ಇದ್ದೀತೆಂದು ಅಜ್ಜನಿಗೇನು ಗೊತ್ತಿತ್ತು?

ಹೊಟ್ಟೆ ಉರಿದದ್ದು ಇನ್ನೊಂದಕ್ಕೆ. ಅದೇ ತ್ರಿಕೋನ ನಮ್ಮ ಕಣದಲ್ಲೇ ಇತ್ತು. ರಾಶಿ ಮಾಡುವಾಗ ಬುಟ್ಟಿ ಎತ್ತಿ ಜೋಳ ತೂರಿದರೆ ಕಾಳು ನೆಟ್ಟಗೆ ಕೆಳಗೆ ಬೀಳುತ್ತದೆಯೇ? ಗಾಳಿ ಒಂದು ಕಡೆ ಎಳೆಯುತ್ತದೆ, ಭೂಮಿ ಒಂದು ಕಡೆ ಎಳೆಯುತ್ತದೆ, ಕಾಳು ವಾರೆಯಾಗಿ ಬಂದು ಬೀಳುತ್ತದೆ, ಹೊಟ್ಟು ಇನ್ನೂ ದೂರ ಹೋಗುತ್ತದೆ. ತೂರುವವರು ಅದನ್ನು ಲೆಕ್ಕ ಹಾಕಿಯೇ ನಿಲ್ಲುತ್ತಾರೆ. ಗಾಳಿ ತುಂಬಿದ ಊರಿನ ಮಕ್ಕಳಿಗೆ ನಾನು ಕಾಣದ ದೋಣಿಯನ್ನು ಕಲಿಸಿದೆ, ಅದನ್ನೂ ತಪ್ಪಾಗಿ.

ಇಲ್ಲಿಯ ಮಕ್ಕಳದು ಉಲ್ಟಾ. ಅವರಿಗೆ ದೋಣಿ ಗೊತ್ತು, ಹೊಳೆ ಗೊತ್ತಿಲ್ಲ. "ಮಿಸ್, ಹೊಳೆ ಅಂದರೇನು?" ಅಂತ ಒಬ್ಬಳು ಕೇಳಿದಳು. ನಮ್ಮ ಹಳ್ಳದ ಕಥೆ ಹೇಳಿದೆ. ಬೇಸಿಗೆಯಲ್ಲಿ ಬರೇ ಉಸುಕು, ಮಳೆಗಾಲದಲ್ಲಿ ಒಂದು ದಿನ ಸೇತುವೆಯನ್ನೇ ನುಂಗುವ ನೀರು. "ಒಂದೇ ಕಡೆ ಹರಿಯುತ್ತದಾ? ತಿರುಗಿ ಬರೋದೇ ಇಲ್ವಾ?" ಅಂತ ಅವಳಿಗೆ ಪಾಪ ಅನಿಸಿತು. ದಂಡೆಯ ಮರಳಿನಲ್ಲಿ ದೋಣಿಯ ಚಿತ್ರ ಎಳೆದೆ. ಮೂತಿಯನ್ನು ಬೇಕಂತಲೇ ಊರಿನ ಕಡೆ ಇಟ್ಟೆ. ಇಡೀ ತರಗತಿ ಘೊಳ್ ಅಂತ ನಕ್ಕಿತು. ನಮ್ಮೂರಲ್ಲಿ ಅಷ್ಟು ವರ್ಷ ಯಾರೂ ನಗದಿದ್ದ ಚಿತ್ರಕ್ಕೆ.

ಮೊದಲ ದಿನ ನನ್ನನ್ನು ಕರೆತಂದ ಆ ದೋಣಿಯವನ ಹೆಸರು ಹಸನ್‌ಬೇ. 'ಬೇ' ಅಂದರೆ ಇಲ್ಲಿ ಅಣ್ಣ. ಅವ್ವನಿಗೆ, ಓಣಿಯ ಹೆಣ್ಣುಮಕ್ಕಳಿಗೆ ಬೇ ಅನ್ನುವ ನನ್ನ ಬಾಯಿಗೆ ಮೀಸೆಯ ಗಂಡಸನ್ನು ಹಾಗೆ ಕರೆಯಲು ಒಂದು ತಿಂಗಳು ಹಿಡಿಯಿತು. ವಾರಕ್ಕೊಮ್ಮೆ ಕಾಯಿಪಲ್ಲೆ ತರಲು ದೊಡ್ಡ ದ್ವೀಪಕ್ಕೆ ಅವನ ದೋಣಿಯಲ್ಲೇ ಹೋಗುತ್ತೇನೆ. ದಾರಿ ಹೇಗೆ ತಿಳಿಯುತ್ತದೆ ಅಂತ ಕೇಳಿದಾಗ ಮಸೀದಿಯ ಮಿನಾರು ತೋರಿಸಿದ. ಅದರ ಹಿಂದೆ ಫೋನಿನ ಟವರ್ ಇದೆ. ಟವರ್ ಮಿನಾರಿನ ಬೆನ್ನಿಗೆ ಅಡಗಿಕೊಂಡಿದ್ದರೆ ದೋಣಿ ದಾರಿಯಲ್ಲಿದೆ. ಎಡಕ್ಕೆ ಇಣುಕಿದರೆ ನಾವು ಎಡಕ್ಕೆ ಜಾರಿದ್ದೇವೆ.

"ಒಂದೇ ಗುರುತು ಸಾಲದಾ?" ಅಂದೆ.

"ಒಂದನ್ನೇ ನೋಡುತ್ತ ಹೋದರೆ ಜಾರಿದ್ದು ಗೊತ್ತೇ ಆಗೋದಿಲ್ಲ ಮಿಸ್" ಅಂದ.

ವರ್ಷ ತುಂಬಿ ರಜೆಗೆ ಊರಿಗೆ ಬಂದಾಗ ನನ್ನ ಚೀಲದಲ್ಲಿದ್ದದ್ದು ಒಣಮೀನು ಅಲ್ಲ, ಕೆಂಪು ಬಣ್ಣದ ಒಂದು ಡಬ್ಬಿ, ಒಂದು ಬ್ರಶ್. ಹುಬ್ಬಳ್ಳಿಯಲ್ಲಿ ಇಳಿದು ಕೊಂಡುಕೊಂಡಿದ್ದೆ. ಮನೆಗೂ ಹೋಗದೆ ಸಾಲಿಗೆ ಹೋದೆ. ಹೆಡ್ ಮಾಸ್ತರರು ಒಳ್ಳೆಯವರು, ಚಹಾ ತರಿಸಿದರು. ವಿಷಯ ಹೇಳಿದೆ. ಹತ್ತು ನಿಮಿಷದ ಕೆಲಸ, ಮೂತಿ ಒಂದಿಷ್ಟು ವಾರೆ ಮಾಡಿದರಾಯಿತು ಅಂದೆ.

"ಉತ್ತರ ಸರಿ ಬರತೈತೋ ಇಲ್ಲೋ?" ಅಂದರು.

"ಉತ್ತರ ಸರಿ ಬರತೈತ್ರಿ."

"ಮತ್ತೇನ್ರಿ ನಿಮ್ಮ ತಕರಾರು?"

"ಚಿತ್ರ ಸುಳ್ಳು ಹೇಳತೈತ್ರಿ ಸರ್. ಆ ದೋಣ್ಯಾಗ ಕುಂತವ್ರು ಗುಡಿ ಮುಟ್ಟಂಗಿಲ್ಲ."

"ಈ ಊರಾಗ ಯಾರು ದೋಣ್ಯಾಗ ಕುಂಡ್ರತಾರ್ರಿ!" ಎಂದು ನಕ್ಕು, ಆಮೇಲೆ ದನಿ ತಗ್ಗಿಸಿದರು. "ನೀಲಾ ಟೀಚರ್, ಬಂದ ಸಾಹೇಬ್ರೆಲ್ಲ ಆ ಗ್ವಾಡಿ ಮುಂದ ನಿಂತು ಫೋಟೋ ತಗಿಸ್ಕೊಂಡಾರ. ಈಗ ತಪ್ಪು ಅಂದ್ರ, ಇಷ್ಟು ವರ್ಷ ಏನು ಕಲಿಸಿದ್ರಿ ಅಂತ ನನ್ನ ಕೇಳೂದಿಲ್ಲೇನು? ಮ್ಯಾಲ ನೀವೀಗ ಸಾಲಿಯವರಲ್ಲ. ಹೊರಗಿನವ್ರಿಗೆ ಗ್ವಾಡಿ ಮುಟ್ಟಾಕ ಹೆಂಗ ಬಿಡ್ಲಿ, ನೀವ ಹೇಳ್ರಿ."

ದ್ವೀಪದಲ್ಲಿ ನನ್ನನ್ನು 'ಬಿದೇಸಿ' ಅನ್ನುತ್ತಾರೆ, ಪರದೇಶದವಳು ಅಂತ. ಕಾಗದಪತ್ರದಲ್ಲೂ ಹಾಗೇ ಬರೆಯುತ್ತಾರೆ. ಅದು ನನಗೆ ಎಂದೂ ನೋಯಲಿಲ್ಲ, ನಿಜವೇ ಅಲ್ಲವೇ? ಈ ಮಾತು ಮಾತ್ರ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಚಹಾ ಕುಡಿದು ಮುಗಿಸಿದೆ. ಕೊಟ್ಟ ಚಹಾ ಬಿಡಬಾರದೆಂದು ಹಿರಿಯರು ಕಲಿಸಿದ್ದಾರೆ. ಹೊರಗೆ ಬಂದಾಗ ಏಳನೆಯ ತರಗತಿಯ ಮಕ್ಕಳು ಗೋಡೆಯ ನೆರಳಲ್ಲಿ ಕೂತು ನನ್ನ ದೋಣಿಯನ್ನು ನೋಡಿ ಹಾಳೆಯ ಮೇಲೆ ಬರೆದುಕೊಳ್ಳುತ್ತಿದ್ದರು. ಮೂತಿ ನೆಟ್ಟಗೆ, ಗುಡಿಯ ಕಡೆಗೆ. ಅಷ್ಟು ಅಚ್ಚುಕಟ್ಟಾಗಿ. ಬಣ್ಣದ ಡಬ್ಬಿಯನ್ನು ಶಾಂತವ್ವನ ಕೈಗೆ ಕೊಟ್ಟು, ಮನೆಯ ಬಾಗಿಲಿಗೆ ಹಚ್ಚಿಕೋ ಎಂದು ಬಸ್ಸು ಹತ್ತಿದೆ.

ಇದು ನನ್ನ ಮೂರನೆಯ ವರ್ಷ. ಈಗಲೂ ಪಾಠಕ್ಕೆ ಮಕ್ಕಳನ್ನು ದಂಡೆಗೆ ಕರೆದೊಯ್ಯುತ್ತೇನೆ. ಮರಳಿನ ಮೇಲೆ ದೋಣಿ ಬರೆಯುತ್ತೇವೆ, ಮೂತಿ ಎಷ್ಟು ವಾರೆ ಇರಬೇಕೋ ಅಷ್ಟೇ ವಾರೆ. ಸಂಜೆಗೆ ನೀರು ಏರಿ ಅಳಿಸಿಕೊಂಡು ಹೋಗುತ್ತದೆ.

ಹೋದ ವಾರ ಕಾಯಿಪಲ್ಲೆ ಕೊಂಡು ತಿರುಗಿ ಬರುವಾಗ ನಡು ಸಮುದ್ರದಲ್ಲಿ ಫೋನು ಸದ್ದು ಮಾಡಿತು. ಶಾಂತವ್ವನ ದನಿ: "ಟೀಚರ್ರ, ಆರಾಮ ಅದೀರೇನ್ರಿ? ಸಾಲಿಗೆ ಹೊಸಾ ಬಣ್ಣ ಹೊಡಿಸ್ಯಾರ. ನಿಮ್ಮ ದೋಣಿ ಅಳಿಸಾಕ ಹೊಂಟಿದ್ರು, ನಾ ಬಿಡಲಿಲ್ರಿ. ಹೆಡ್ ಮಾಸ್ತರಗ ಜಬರಿಸಿ, ಇದ್ದದ್ದು ಇದ್ದಂಗ ಬರಿಸೇನಿ. ನೀವು ಕೊಟ್ಟ ಕೆಂಪ ಬಣ್ಣಾನ ಹಚ್ಚೇವ್ರಿ. ನೋಡ್ರಿ!"

ಹಿಂದೆಯೇ ಫೋಟೋ ಬಂತು. ನೀಲಿ ಹೊಳೆ ಮಿರಿಮಿರಿ ಮಿಂಚುತ್ತಿತ್ತು. ಕೆಂಪು ದೋಣಿ ಮೊದಲಿಗಿಂತ ದೊಡ್ಡದಾಗಿತ್ತು. ಮೂತಿ ನೆಟ್ಟಗೆ ಗುಡಿಯ ಕಡೆಗೆ. ಮೂಲೆಯಲ್ಲಿ ಮೊದಲಿಗಿಂತ ದಪ್ಪ ಅಕ್ಷರದಲ್ಲಿ 'ಚಿತ್ರ: ನೀಲಾ ಟೀಚರ್'.

ಹಸನ್‌ಬೇ ಚುಕ್ಕಾಣಿ ಹಿಡಿದುಕೊಂಡೇ ಬಗ್ಗಿ ನೋಡಿದ. ಬಹಳ ಹೊತ್ತು ನೋಡಿದ.

"ಇದು ಮುಟ್ಟೋದಿಲ್ಲ" ಅಂದ. "ಯಾರು ಬರೆದದ್ದು?"

ಅವನಿಗೆ ಕನ್ನಡ ಓದಲು ಬರುವುದಿಲ್ಲ.

"ನಮ್ಮೂರಲ್ಲಿ ಒಬ್ಬರು ಟೀಚರ್ ಇದ್ದರು" ಅಂದೆ.

"ಈಗ ಎಲ್ಲಿದ್ದಾರೆ?"

ನಾನು ಫೋನು ಮುಚ್ಚಿ ತಲೆ ಎತ್ತಿದೆ. ದೂರದಲ್ಲಿ ಮಿನಾರು ಬಿಸಿಲಿಗೆ ಬೆಳ್ಳಗೆ ಕಾಣುತ್ತಿತ್ತು. ಅದರ ಎಡಗಡೆ ಟವರ್ ಇಣುಕಿತ್ತು.