ಒಂದು ಸದ್ದಿಗೆ ಒಂದು ಶೇಂಗಾ

ನಾನು ಇಂಗ್ಲಿಷ್ ಓದಲು ಬಾರದ ಇಂಗ್ಲಿಷ್ ಟೀಚರ್ ಆಗಿದ್ದೆ. ಈಗ ಇದನ್ನು ನಗುತ್ತಾ ಬರೆಯುತ್ತೇನೆ. ತೊಂಬತ್ತರ ದಶಕದ ನಡುವೆ ತಳಕಿನಾಚೆ, ಮೊಳಕಾಲ್ಮೂರಿನ ದಿಕ್ಕಿನ ಒಂದು ಹಳ್ಳಿ ಶಾಲೆಗೆ ಸೇರಿದಾಗ ಮಾತ್ರ ಇದು ನನ್ನ ನಿದ್ದೆ ಕೆಡಿಸಿದ ಗುಟ್ಟು. ಪರೀಕ್ಷೆಗಳನ್ನೆಲ್ಲ ಉರು ಹೊಡೆದೇ ಪಾಸು ಮಾಡಿದವಳು ನಾನು. ಐದನೇ ತರಗತಿಯ ಇಂಗ್ಲಿಷ್ ಪಾಠಗಳೂ ನನಗೆ ಬಾಯಿಪಾಠ. ಆ ಪುಸ್ತಕದಾಚೆಯ ಒಂದು ಸಾಲು ಕೊಟ್ಟರೆ ನನ್ನ ಕಥೆ ಮುಗಿಯಿತು. ಇವತ್ತಲ್ಲ ನಾಳೆ ಮಕ್ಕಳೆದುರೇ ಸಿಕ್ಕಿಬೀಳುತ್ತೇನೆ ಎಂದು ದಿನವೂ ಹೆದರುತ್ತಿದ್ದೆ.

ಆ ವರ್ಷ ಚಳ್ಳಕೆರೆಯಲ್ಲಿ ಹತ್ತು ದಿನದ ತರಬೇತಿ ನಡೆಯಿತು. ಕಲಿಸಲು ಬಂದಿದ್ದ ಹಿರಿಯ ಮೇಡಂ ಮೊದಲ ದಿನವೇ ಹೇಳಿದರು: "ಅಕ್ಷರದ ಹೆಸರು ಬೇರೆ, ಸದ್ದು ಬೇರೆ ಕಣ್ರಮ್ಮ. ಬೀ ಅನ್ನೋದು ಹೆಸರು. ತುಟಿ ಕೂಡಿಸಿ ಬ್ ಅಂತೀವಲ್ಲ, ಅದು ಸದ್ದು. ಓದೋಕೆ ಬೇಕಾಗಿರೋದು ಸದ್ದು." ಒಂದೊಂದು ಸದ್ದಿಗೂ ಫೋನೀಮ್ ಎನ್ನುತ್ತಾರಂತೆ. ಸದ್ದುಗಳನ್ನು ಕೂಡಿಸುವುದು ಬ್ಲೆಂಡಿಂಗ್. ಎರಡು ಅಕ್ಷರ ಸೇರಿ ಒಂದೇ ಸದ್ದಾದರೆ ಡೈಗ್ರಾಫ್. ನನಗೆ ಸಂತೋಷಕ್ಕಿಂತ ಮೊದಲು ಸಿಟ್ಟು ಬಂತು. ಇಷ್ಟು ಸಣ್ಣ ವಿಷಯವನ್ನು ನನಗೆ ಇಷ್ಟು ವರ್ಷ ಯಾರೂ ಯಾಕೆ ಹೇಳಲಿಲ್ಲ? ಆ ಹತ್ತು ದಿನ ನಾನು ಮುಂದಿನ ಸಾಲು ಬಿಟ್ಟು ಕದಲಲಿಲ್ಲ.

ಊರಿಗೆ ಬಂದು ಮಕ್ಕಳಿಗೆ ಫೋನೀಮ್ ಎಂದರೆ ಪಿಳಿಪಿಳಿ ನೋಡಿದರು. ಅರ್ಧ ತರಗತಿಯ ಮನೆಮಾತು ತೆಲುಗು, ಇನ್ನರ್ಧದ್ದು ಕನ್ನಡ. ಇದರ ಮೇಲೆ ನಾನು ಮೂರನೆಯದನ್ನು ಹೇರುತ್ತಿದ್ದೆ. ಕೊನೆಗೆ ಒಬ್ಬ ಹುಡುಗಿಯ ಮನೆಯಿಂದ ಒಂದು ಸೇರು ಶೇಂಗಾ ತರಿಸಿ ನೆಲದ ಮೇಲೆ ಸುರಿದೆ. ಒಂದು ಸದ್ದಿಗೆ ಒಂದು ಕಾಯಿ ಇಡಬೇಕು, ಅಷ್ಟೇ ಆಟ. ಪೆನ್ ಎಂದೆ. ಎಲ್ಲರೂ ನಾಲ್ಕು ಕಾಯಿ ಇಟ್ಟರು. ಅವರ ಬಾಯಲ್ಲಿ ಅದು ಪೆನ್ನು, ಬಸ್ ಎಂದರೆ ಬಸ್ಸು. ಕೊನೆಯ ಕಾಯಿಯನ್ನು ಎತ್ತಿ ತಿಂದುಬಿಡಿ ಎಂದೆ. ವಾರದೊಳಗೆ ಪದದ ಕೊನೆಯ ಆ ಉಕಾರದ ಬಾಲ ಉದುರಿತು, ತಿನ್ನಲು ಕಾಯಿ ಸಿಗುವುದಿಲ್ಲವೆಂದು ಅವರಿಗೆ ಬೇಜಾರೂ ಆಯಿತು. ಡೈಗ್ರಾಫ್ ಬಂದಾಗ ನಾನು ತಡವರಿಸುತ್ತಿದ್ದರೆ, ಶೇಂಗಾ ತಂದ ಹುಡುಗಿಯೇ ಒಂದು ಕಾಯಿ ಬಿಡಿಸಿ ತೋರಿಸಿದಳು. "ಕಾಯಿ ಒಂದೇ ಟೀಚರ್, ಒಳಗೆ ಬೀಜ ಎರಡೈತೆ." ಇದಕ್ಕಿಂತ ಚೆನ್ನಾಗಿ ಚಳ್ಳಕೆರೆಯಲ್ಲೂ ಯಾರೂ ಹೇಳಿರಲಿಲ್ಲ.

ಹೆಡ್‌ಮಾಸ್ಟರು ಕಿಟಕಿಯಲ್ಲಿ ಇಣುಕಿ, "ಏನಮ್ಮ, ಇಂಗ್ಲಿಷ್ ಪಾಠನೋ ಶೇಂಗಾ ವ್ಯಾಪಾರನೋ?" ಎಂದು ಕೇಳುತ್ತಿದ್ದರು. ಕೇಳುತ್ತಲೇ ಎರಡು ಕಾಯಿ ಎತ್ತಿಕೊಂಡು ಹೋಗುತ್ತಿದ್ದರು.

ಫೆಬ್ರವರಿಯಲ್ಲಿ ಶಾಲೆ ನೋಡಲು ಅಧಿಕಾರಿಯೊಬ್ಬರು ಬಂದರು. ಪಾಠದ ಪುಸ್ತಕ ಮುಚ್ಚಿಸಿ, ತಮ್ಮ ಚೀಲದಿಂದ ನಾವ್ಯಾರೂ ಕಂಡಿರದ ಒಂದು ಇಂಗ್ಲಿಷ್ ಕಥೆಪುಸ್ತಕ ತೆಗೆದರು. ಮಕ್ಕಳು ಮೊದಲ ಪುಟವನ್ನು ನಿಧಾನವಾಗಿ, ಒಂದೊಂದೇ ಸದ್ದು ಕೂಡಿಸಿ ಓದಿದರು. ನನ್ನ ಎದೆ ಉಬ್ಬಿತು. ಅಷ್ಟರಲ್ಲಿ ಅವರು ಪುಸ್ತಕವನ್ನು ನನ್ನ ಕೈಗಿಟ್ಟರು. "ಮುಂದಿನ ಪುಟ ನೀವು ಓದ್ರಿ ಮೇಡಂ, ಮಕ್ಳು ಕೇಳ್ಲಿ."

ಎರಡು ಸಾಲು ಹೇಗೋ ದಾಟಿದೆ. ಮೂರನೆಯದರಲ್ಲಿ ಒಂದು ಉದ್ದನೆಯ ಪದ ಅಡ್ಡ ನಿಂತಿತು. ಹೆಡ್‌ಮಾಸ್ಟರು ನೋಡುತ್ತಿದ್ದರು, ಮಕ್ಕಳೂ ನೋಡುತ್ತಿದ್ದರು. ಕೆಮ್ಮಿ ಹೊರಗೆ ಹೋಗಿಬಿಡಲೇ ಎನಿಸಿತು. ಹಿಂದೆ ಹಾಗೆ ಮಾಡಿದವಳೇ ನಾನು. ಆದರೆ ಈ ಮಕ್ಕಳು ಆಗತಾನೇ ನಾಚಿಕೆಯಿಲ್ಲದೆ ತಡವರಿಸಿ ಓದಿದ್ದರು. ನಾನು ಪದವನ್ನು ಬೋರ್ಡಿನ ಮೇಲೆ ಬರೆದೆ. "ಇದನ್ನ ನಾನೂ ಓದ್ತಿರೋದು ಇದೇ ಮೊದಲ ಸಲ. ಕಾಯಿ ಇಡ್ರೋ," ಎಂದೆ.

ಮಕ್ಕಳು ನೆಲದ ಮೇಲೆ ಏಳು ಕಾಯಿ ಸಾಲಾಗಿಟ್ಟರು. ನಾನು ಬೆರಳಿಟ್ಟು ಶುರು ಮಾಡಿದೆ. ಬ್. ಲ್. ಆ್ಯ. ನ್. ಕ್. ಎ. ಟ್. ಮತ್ತೊಮ್ಮೆ, ಸ್ವಲ್ಪ ಬೇಗ. ಮೂರನೇ ಸಲಕ್ಕೆ ಬಾಯಿಂದ ತಾನಾಗಿಯೇ ಬಂತು: ಬ್ಲ್ಯಾಂಕೆಟ್! ಕಿವಿಗೆ ಎಂದಿನಿಂದಲೋ ಗೊತ್ತಿದ್ದ ಪದ, ಕಣ್ಣಿಗೆ ಅವತ್ತು ಸಿಕ್ಕಿತು. "ಕಂಬಳಿ ಕಣ್ರೋ, ಕಂಬಳಿ!" ಎಂದು ಅಧಿಕಾರಿಯ ಎದುರೇ ಕೂಗಿಬಿಟ್ಟೆ. ಕುರಿ ಕಾಯುವ ಮನೆಯ ಹುಡುಗರು ಬಿದ್ದು ಬಿದ್ದು ನಕ್ಕರು. ನಾನು ಪುಟ ಮುಗಿಸಿದೆ, ಅದರ ಮುಂದಿನದನ್ನೂ ಓದಿದೆ, ಅಧಿಕಾರಿ ಸಾಕು ಎಂದರೂ ನಿಲ್ಲಿಸಲಿಲ್ಲ.

ಎಲ್ಲರೂ ಹೋದ ಮೇಲೆ, ಶೇಂಗಾ ತಂದಿದ್ದ ಆ ಹುಡುಗಿ ನೆಲದ ಮೇಲಿನ ಕಾಯಿ ಆಯುತ್ತಾ ಕೇಳಿದಳು. "ಯಾಕ್ ಟೀಚರ್ ಅಳ್ತಿದೀರಾ? ಸಾಹೇಬ್ರು ಬೈದ್ರಾ?"

"ಇಲ್ಲ ಕಣೇ," ಎಂದೆ. "ಇವತ್ತು ನನಗೆ ಓದಾಕೆ ಬಂತು."