ಮೂರು ಸೇರು ರಾಗಿಯ ಗೊಂಬೆ

ಮೊನ್ನೆ ಬೆಳಿಗ್ಗೆ ಮೊಳಕೆಗೆ ಕಟ್ಟಿಟ್ಟಿದ್ದ ರಾಗಿಯ ಗಂಟು ಬಿಚ್ಚಿದೆ. ಹೆರಿಗೆಗೆ ಬಂದ ಮಗಳು ಬಂಗಾರಪೇಟೆಯ ನಮ್ಮ ಮನೆಯಲ್ಲೇ ಇದ್ದಾಳೆ. ಕೂಸಿಗೆ ಇನ್ನು ರಾಗಿ ಸರಿ ಶುರು ಮಾಡಬೇಕು. ಪ್ಯಾಕೆಟ್ ತಂದರೆ ಆಗುತ್ತೆ ಎಂದಳು. ನಾನಿರುವವರೆಗೆ ಅದೊಂದು ನಡೆಯೋದಿಲ್ಲ ಎಂದೆ. ಗಂಟು ಬಿಚ್ಚಿದ ಕೂಡಲೇ ಆ ಹಸಿ ಹಸಿ, ಹುಳಿ ವಾಸನೆ ಮೂಗಿಗೆ ಬಡಿಯಿತು. ಮೂಲೆಮನೆ ಅತ್ತೆ ಬಂದು ಎದುರು ನಿಂತ ಹಾಗಾಯಿತು...

ನಮ್ಮೂರು ಕ್ಯಾಸಂಬಳ್ಳಿ ಹತ್ತಿರದ ಒಂದು ಹಳ್ಳಿ. ಅತ್ತೆ ನಮಗೆ ರಕ್ತಸಂಬಂಧಿಯಲ್ಲ, ಬೀದಿಯ ಕೊನೆಯ ಮನೆಯವರು, ಅಷ್ಟೆ. ಅವರಿಗೆ ಹುಟ್ಟಿದ್ದೊಂದು ಮಗು ಮೂರನೇ ದಿನಕ್ಕೇ ಹೋಗಿತ್ತಂತೆ. ಆಮೇಲೆ ಆಗಲಿಲ್ಲ. ಅವರ ಕೈಗುಣ ಸರಿಯಿಲ್ಲ ಅಂತ ಊರಿನ ಹೆಂಗಸರೇ ತೀರ್ಮಾನ ಮಾಡಿಬಿಟ್ಟಿದ್ದರು. ಎಳೆ ಮಕ್ಕಳಿರುವ ಮನೆಗೆ ಬಂದರೆ ಅತ್ತೆ ಹೊಸಿಲಿನ ಆಚೆಯೇ ನಿಂತು ಮಾತಾಡಿ ಹೋಗುತ್ತಿದ್ದರು. ಯಾರೂ ಒಳಗೆ ಬಾ ಎನ್ನುತ್ತಿರಲಿಲ್ಲ. ನಮ್ಮಜ್ಜಿಯೂ ಅಷ್ಟೇ.

ನನಗೆ ಏಳು ವರ್ಷವಿದ್ದಾಗ ತಮ್ಮ ಹುಟ್ಟಿದ. ಅವನನ್ನು ಒಂದು ಸಲ ಎತ್ತಿಕೊಳ್ಳಬೇಕು ಅಂತ ನನ್ನ ಜೀವ ಹೋಗುತ್ತಿತ್ತು. ಬೀಳಿಸಿಬಿಡ್ತೀಯಾ ಅಂತ ಅಜ್ಜಿ ಹತ್ತಿರಕ್ಕೂ ಬಿಡಲಿಲ್ಲ. ಅಳುತ್ತಾ ಹೋಗಿ ಅತ್ತೆಯ ಹತ್ತಿರ ದೂರು ಹೇಳಿದೆ. ಎಂಥಾ ದಡ್ಡಿ ನಾನು! ಆ ಮಗುವನ್ನು ಮುಟ್ಟುವ ಹಾಗಿಲ್ಲದ ಇನ್ನೊಬ್ಬರ ಹತ್ತಿರವೇ ಹೋಗಿ ಅತ್ತಿದ್ದೆ.

ನಮ್ಮಪ್ಪ ದಿನಾ ಸೈಕಲ್ಲಿನಲ್ಲಿ ಉರಿಗಾಂ ಗಣಿ ಕೆಲಸಗಾರರ ಲೈನ್ ಮನೆಗಳಿಗೆ ಹಾಲು ಹಾಕಿ ಬರುತ್ತಿದ್ದರು. ಅವರ ಕೈಲಿ ಅತ್ತೆ ಅಲ್ಲಿನ ದರ್ಜಿಯಿಂದ ತುಂಡು ಬಟ್ಟೆ ತರಿಸಿದರು. ನಾಲ್ಕು ದಿನ ಕೂತು, ತಮ್ಮ ಹಳೇ ಸೀರೆಯನ್ನೇ ಮೈಯಾಗಿ ಹೊಲಿದು, ದರ್ಜಿಯ ಹೂವಿನ ತುಂಡುಗಳಲ್ಲಿ ಅಂಗಿ ಹೊಲಿದರು. ಕಪ್ಪು ದಾರದಲ್ಲಿ ಕಣ್ಣು, ಕೆನ್ನೆಗೊಂದು ದೃಷ್ಟಿಬೊಟ್ಟು. ತಲೆಗೆ ಮಾತ್ರ ಚಿಂದಿ ತುಂಬಿದರು. ಹೊಟ್ಟೆಗೆ ಸೇರಿನಲ್ಲಿ ಅಳೆದು ಅಳೆದು ರಾಗಿ ಸುರಿದರು, ಎತ್ತಿ ನೋಡಿದರು, ಇನ್ನಷ್ಟು ಸುರಿದರು...

"ತಲೆ ಕೆಳ್ಗೆ ಕೈ ಇರ್ಬೇಕು ಕಣಮ್ಮ. ಇದ್ನ ಬೀಳಿಸ್ದಂಗೆ ಎತ್ಕೊಂಡು ಓಡಾಡು. ಆಮೇಲೆ ನಿಮ್ಮಜ್ಜಿ ತಾನಾಗೇ ತಮ್ಮನ್ನ ಕೊಡ್ತಾರೆ," ಅಂದರು.

ಗೊಂಬೆ ಸಿಕ್ಕಿದ್ದನ್ನು ನಾನು ಮನೆಯಲ್ಲಿ ಹೇಳಲಿಲ್ಲ. ಅತ್ತೆಯ ಕೈಯದು ಅಂತ ಗೊತ್ತಾದರೆ ಅಜ್ಜಿ ತಿಪ್ಪೆಗೆ ಎಸೆದಾಳೆಂಬ ಭಯ. ಕದ್ದು ಆಡಿಸಿದೆ. ಅಷ್ಟಕ್ಕೇ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅಜ್ಜಿ ತಮ್ಮನಿಗೆ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕುವುದನ್ನು ನೋಡಿದ್ದೆನಲ್ಲ, ನಾನೂ ಗೊಂಬೆಗೆ ಚೊಂಬು ಚೊಂಬು ನೀರು ಹೊಯ್ದೆ. ಹಳೇ ಪಂಚೆಯಲ್ಲಿ ಬಿಗಿಯಾಗಿ ಸುತ್ತಿ ಹಿಟ್ಟಿನ ಡಬ್ಬದ ಹಿಂದೆ ಮಲಗಿಸಿದೆ. ಮಾರನೇ ದಿನವೇ ಅಪ್ಪನ ಜೊತೆ ಕಾಮಸಮುದ್ರದ ನೆಂಟರ ಮನೆಗೆ ಹೋಗಿ, ಎರಡು ದಿನ ಬಿಟ್ಟು ಬಂದೆ.

ಬರುವಷ್ಟರಲ್ಲಿ ವಾಸನೆ ಹಿಡಿದು ಅಜ್ಜಿ ಗಂಟನ್ನು ಅಂಗಳಕ್ಕೆ ತಂದಿದ್ದಳು. ಗೊಂಬೆ ಉಬ್ಬಿ, ಹೊಲಿಗೆ ಬಿಟ್ಟು, ಹೊಟ್ಟೆಯ ತುಂಬಾ ಬಿಳಿ ಬೇರು! ನಾನು ಜೋರಾಗಿ ಅಳುತ್ತಾ, ಗೊಂಬೆ ಯಾರು ಕೊಟ್ಟಿದ್ದೆಂದು ಬಾಯಿಬಿಟ್ಟೆ. ಅತ್ತೆಗೆ ಕರೆ ಹೋಯಿತು. ಅವರು ಬಂದು, ಎಂದಿನಂತೆ ಹೊಸಿಲಾಚೆ ನಿಂತು, ಗೊಂಬೆಯನ್ನು ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಮೊದಲು ನೋಡಿದ್ದೇ ಆಗ.

ಅಜ್ಜಿ ನಗಲಿಲ್ಲ. "ತಿನ್ನೋ ರಾಗೀನ ಗೊಂಬೆ ಒಟ್ಟೆಗೆ ತುಂಬ್ತಾರೇನೇ? ಅದೂ ಇಷ್ಟೊಂದಾ?"

ಅತ್ತೆಯ ನಗು ನಿಂತಿತು. "ಮೂರು ಸೇರು, ದೊಡ್ಡಮ್ಮ," ಅಂದರು. "ನನ್ ಮಗ ಅಷ್ಟೇ ಇದ್ದ."

ಅಜ್ಜಿ ಬಚ್ಚಲಿಗೆ ಹೋದಳು. ಕೈ ತೊಳೆದುಕೊಂಡಳು. ಬಾಣಂತಿ ಕೋಣೆಗೆ ಹೋಗಿ ತಮ್ಮನನ್ನು ಎತ್ತಿ ತಂದು, ಹೊಸಿಲು ದಾಟಿ, ಅತ್ತೆಯ ಕೈಗೆ ಕೊಟ್ಟಳು. "ತಲೆ ಕೆಳ್ಗೆ..." ಅನ್ನಲು ಹೋಗಿ ತಾನೇ ಸುಮ್ಮನಾದಳು. ಅತ್ತೆಯ ಕೈ ಆಗಲೇ ಅಲ್ಲಿತ್ತು.

ಅವರು ಬಹಳ ಹೊತ್ತು ಅಲುಗಾಡದೆ ನಿಂತಿದ್ದರು. ನಾನು ಸೆರಗು ಜಗ್ಗಿದೆ, ಈಗ ನನ್ನ ಸರದಿ ಅಂತ. ನನ್ನನ್ನು ಜಗಲಿ ಮೇಲೆ ಕೂರಿಸಿ, ತಮ್ಮನನ್ನು ತೊಡೆಗೆ ಇಟ್ಟು, ನನ್ನ ಕೈಯ ಕೆಳಗೆ ತಮ್ಮ ಕೈ ಕೊಟ್ಟರು. ಅವನು ಗೊಂಬೆಗಿಂತ ಹಗುರವಾಗಿದ್ದ! ಮೊಳೆತ ರಾಗಿ ಎಮ್ಮೆಗೆ ಹೋಯಿತು. ಕೈಗುಣದ ಮಾತು ನಮ್ಮ ಮನೆಯಲ್ಲಿ ಮತ್ತೆ ಯಾರ ಬಾಯಲ್ಲೂ ಬರಲಿಲ್ಲ.

ಅತ್ತೆ ಹೋಗಿ ವರ್ಷಗಳಾದವು. ಸುದ್ದಿ ತಿಳಿದು ನಾನು ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಕೊನೆಯ ಸಲ ಮುಖ ನೋಡಲಾಗಲಿಲ್ಲ ಎಂಬ ಸಂಕಟ ಈಗಲೂ ಇದೆ.

ಮೊಳಕೆಯನ್ನು ಬಿಸಿಲಿಗೆ ಹರಡಿ, ಹಳೇ ಸೀರೆಯೊಂದನ್ನು ಕತ್ತರಿಸಿಕೊಂಡು ಕೂತೆ. ನಮ್ಮ ಮನೆಯಲ್ಲೂ ಐದು ವರ್ಷದ ಮೊಮ್ಮಗಳು ತಂಗಿಯನ್ನು ಕೊಡಿ ಅಂತ ರಚ್ಚೆ ಹಿಡಿದಿದ್ದಾಳೆ. ಸ್ಪಂಜು ತುಂಬಮ್ಮಾ, ತೊಳೆಯಬಹುದು ಎಂದಳು ಮಗಳು. ನಾನು ಮೂರು ಸೇರು ರಾಗಿ ಅಳೆದು ಸುರಿದೆ. ನೀರು ಮಾತ್ರ ಹಾಕಬೇಡ ಎಂದು ನಾಲ್ಕು ಸಲ ಹೇಳಿ ಕೊಟ್ಟೆ.

ಮೊಮ್ಮಗಳು ತಲೆಯ ಕೆಳಗೆ ಕೈಯಿಟ್ಟು ಎತ್ತಿಕೊಂಡಳು. "ಅಮ್ಮಮ್ಮ, ಇವನ ಹೆಸರೇನು?" ಎಂದಳು.

ಅಷ್ಟು ವರ್ಷ ಅತ್ತೆಯ ಮಡಿಲಲ್ಲಿ ಬಿದ್ದು ಬೆಳೆದೆ. ಆ ಮೂರು ದಿನದಲ್ಲಿ ಅವರು ಮಗುವನ್ನು ಏನೆಂದು ಕರೆದಿದ್ದರೋ... ನಾನು ಒಂದು ದಿನವೂ ಕೇಳಲಿಲ್ಲ.